ನರ್ಸಬಾಯಿಯ ಜರ್ಮನ್ ಅಡ್ಡಹೆಸರು

ಹೊನ್ನಾವರದ ಹೆಣ್ಣುಮಕ್ಕಳ ಶಾಲೆಗೆ ನಾನು ಅಕ್ಕೋರಾಗಿ ಬಂದಾಗ ನನಗೆ ಇಪ್ಪತ್ತೊಂದು ವರ್ಷ. ಯುರೋಪಿನಲ್ಲಿ ಯುದ್ಧ ಸುರುವಾಗಿ ಒಂದು ವರ್ಷ ಕಳೆದಿತ್ತು. ನಮ್ಮ ಮನೆ ಕುಮಟಾದಲ್ಲಿ. ದಿನಾ ಹೋಗಿ ಬರುವಷ್ಟು ಬಸ್ಸು ಆಗ ಇರಲಿಲ್ಲ. ಮದುವೆಯಾಗದ, ಒಬ್ಬಳೇ ಇರುವ ಹುಡುಗಿಗೆ ಪೇಟೆಯಲ್ಲಿ ಕೋಣೆ ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದರು. ಕೊನೆಗೆ ಬಂದರು ರಸ್ತೆಯ ಒಂದು ಹಂಚಿನ ಮನೆಯಲ್ಲಿ ಅರ್ಧ ಭಾಗ ಸಿಕ್ಕಿತು. ಇನ್ನರ್ಧದಲ್ಲಿ ದವಾಖಾನೆಯ ನರ್ಸ್ ಇದ್ದರು. ಅವರು ಇದ್ದಾರೆಂಬ ಧೈರ್ಯದ ಮೇಲೆಯೇ ನನ್ನ ಅಪ್ಪ ನನ್ನನ್ನು ಅಲ್ಲಿ ಬಿಟ್ಟು ಹೋದದ್ದು.

ಊರಿಗೆಲ್ಲ ಅವರು ನರ್ಸಬಾಯಿ. ಮೂವತ್ತೈದು ದಾಟಿದ್ದಿರಬೇಕು. ಎತ್ತರದ ಕಪ್ಪು ಹೆಂಗಸು, ಬಿಳಿ ಸೀರೆ, ಕಂಕುಳಲ್ಲಿ ಕೊಡೆ, ಕೈಯಲ್ಲಿ ಚರ್ಮದ ಚೀಲ. ನಡೆದರೆ ನಾವು ಹಿಂದೆ ಓಡಬೇಕು. ಹೊಳೆಯ ಈಚೆ ಆಚೆ ಎರಡೂ ಕಡೆ ಬಾಣಂತನಕ್ಕೆ ಅವರನ್ನೇ ಕರೆಯುತ್ತಿದ್ದರು. ಹುಟ್ಟಿದ ಕೂಸನ್ನು ಅಂಗೈ ಮೇಲೆ ಮಲಗಿಸಿ ತೂಕ ಹೇಳುತ್ತಿದ್ದರು. ದವಾಖಾನೆಯ ತಕ್ಕಡಿಗೂ ಅವರ ಮಾತಿಗೂ ಹೆಚ್ಚೆಂದರೆ ಒಂದು ಚಮಚೆ ಬೆಣ್ಣೆಯಷ್ಟು ವ್ಯತ್ಯಾಸ ಬರುತ್ತಿತ್ತು.

ಅವರ ಅಡ್ಡಹೆಸರು ನನಗೆ ತಿಳಿದದ್ದು ಟಪಾಲಿನವನಿಂದ. ನಾನು ಬಂದ ಎರಡನೇ ವಾರ ಅವನು ಒಂದು ಲಕೋಟೆಯನ್ನು ನನ್ನ ಕೈಗೆ ಕೊಟ್ಟು ಹೋದ. ಮೇಲೆ ಇಂಗ್ಲಿಷಿನಲ್ಲಿ ಬೈಬಲ್ಲಿನ ಒಂದು ಹೆಸರು, ಅದರ ಮುಂದೆ ನಾನು ಎಂದೂ ಕೇಳದ ಚಿಕ್ಕದೊಂದು ಶಬ್ದ. ಯಾವುದೋ ದೊರೆಸಾನಿಯ ಪತ್ರ ತಪ್ಪಿ ಬಂದಿದೆ ಎಂದುಕೊಂಡು ತಿರುಗಿ ಕೊಡಲು ಹೊರಟಿದ್ದೆ.

"ಅದು ನನ್ನದೇ ಅಕ್ಕೋರೆ," ಎಂದರು ನರ್ಸಬಾಯಿ. "ನಾನು ಮಿಶನ್ನಿನ ಮಕ್ಕಳ ಮನೆಯಲ್ಲಿ ಬೆಳೆದದ್ದು. ಅಲ್ಲಿ ಇಟ್ಟ ಹೆಸರು. ಜರ್ಮನಿಯದ್ದಂತೆ. ಯಾಕೆ ಇಟ್ಟರು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ."

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಾದರೂ ಅಚ್ಚಾಗುವುದು ಅವರಿಗೆ ಸೇರುತ್ತಿರಲಿಲ್ಲ. ಜರ್ಮನಿಯಲ್ಲಿ ಊರಿಗೆ ಹತ್ತು ಮನೆಗಾದರೂ ಇರುವಂಥ ಸಾಮಾನ್ಯ ಅಡ್ಡಹೆಸರು ಅದು ಎಂದರೆ ಸಾಕು.

ಅದೇ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಶನಿವಾರ ಪೊಲೀಸ್ ಪೇದೆ ಬಂದು, ಫೌಜದಾರರು ನರ್ಸಬಾಯಿಯನ್ನು ಕರೆಯುತ್ತಿದ್ದಾರೆ ಎಂದ. ಯಾರಿಗೋ ಹೆರಿಗೆ ಎಂದುಕೊಂಡು ಅವರು ಚೀಲ ಹಿಡಿದು ಹೊರಟರು. ಶಾಲೆ ಅರ್ಧ ದಿನವಾದ್ದರಿಂದ ನಾನೂ ಜೊತೆಗೆ ಹೋದೆ.

ಫೌಜದಾರರು ಧಾರವಾಡ ಕಡೆಯವರು, ದಪ್ಪ ಮೀಸೆಯ ಮೆತ್ತಗಿನ ಮನುಷ್ಯ. ಮೇಜಿನ ಮೇಲೆ ಟೈಪು ಮಾಡಿದ ಒಂದು ಯಾದಿ ಇತ್ತು. ಅವರು ಯಾದಿ ನೋಡಿದರು, ನರ್ಸಬಾಯಿಯ ಮುಖ ನೋಡಿದರು, ಮತ್ತೆ ಯಾದಿ ನೋಡಿದರು.

"ಬಾಯೇರ, ನೀವು ಜರ್ಮನ್ ಏನ್ರಿ?"

ನರ್ಸಬಾಯಿ ಕೈಯಲ್ಲಿದ್ದ ಚೀಲವನ್ನು ನೆಲದ ಮೇಲೆ ಇಟ್ಟರು.

"ನನ್ನ ಮುಖ ನೋಡಿ ನೀವೇ ಹೇಳಿ," ಎಂದರು.

"ಮುಖ ನೋಡಿದರ ನಮ್ಮ ದೊಡ್ಡವ್ವನ ಹಂಗ ಇದ್ದೀರಿ. ಆದರ ಮ್ಯಾಲಿಂದ ಬಂದ ಯಾದಿಯೊಳಗ ನಿಮ್ಮ ಹೆಸರು ಐತಿ. ವೈರಿ ದೇಶದ ಹೆಸರಿದ್ದವರನ್ನ ಎಲ್ಲಾರನ್ನೂ ಬರಕೊಂಡಾರ. ಅದನ್ನ ಹೊಡದು ಹಾಕಲಿಕ್ಕೆ ನನಗ ಅಧಿಕಾರ ಇಲ್ಲ. ತಂದಿ ಹೆಸರು ಹೇಳ್ರಿ, ಬರಕೋತೀನಿ."

"ಗೊತ್ತಿಲ್ಲ."

"ಹುಟ್ಟಿದ ಊರು?"

"ಅದೂ ಗೊತ್ತಿಲ್ಲ."

ಫೌಜದಾರರು ಪೆನ್ನು ಕೆಳಗಿಟ್ಟರು. ಅವರಿಗೆ ನಿಜವಾಗಿಯೂ ಕಷ್ಟವಾಗಿತ್ತು ಎಂದು ನನಗೆ ಈಗ ಅನಿಸುತ್ತದೆ. ಆ ಹೊತ್ತಿಗೆ ಮಾತ್ರ ನನಗೆ ಸಿಟ್ಟು ಬಂದಿತ್ತು. ಅವರು ಹೇಳಿದ್ದು ಇಷ್ಟು: ಈ ದೇಶದಲ್ಲಿ ಹುಟ್ಟಿದವರೆಂಬ ಪುರಾವೆ ತಾಲೂಕಿನ ಮಾಮ್ಲೇದಾರರ ಮುಂದೆ ಬರುವವರೆಗೆ ನರ್ಸಬಾಯಿ ಕೇಳದೆ ಊರು ಬಿಟ್ಟು ಹೋಗಬಾರದು. ಬಂದರು ಇರುವ ಊರಾದ್ದರಿಂದ ಹೊಳೆಯನ್ನಂತೂ ದಾಟಲೇಬಾರದು.

ನರ್ಸಬಾಯಿ ಮನೆಗೆ ಬಂದು ಅನ್ನಕ್ಕೆ ಇಟ್ಟ ಮೇಲೆ, "ಇಷ್ಟು ವರ್ಷ ಯಾರೂ ಕೇಳಲಿಲ್ಲ ನೋಡಿ, ಅಪ್ಪ ಯಾರು ಅಂತ," ಎಂದರು. ಆಮೇಲೆ ಒಲೆ ಊದತೊಡಗಿದರು.

ಕುಮಟಾದಲ್ಲಿ ನನ್ನ ಸೋದರಮಾವ ವಕೀಲರು. ಅವರನ್ನು ಕೇಳೋಣ ಎಂದು ನಾನೇ ಹೇಳಿದೆ. ಫೌಜದಾರರು ಒಂದು ಭಾನುವಾರದ ಮಟ್ಟಿಗೆ ಚೀಟಿ ಬರೆದುಕೊಟ್ಟರು. ಬೆಳಗಿನ ಬಸ್ಸಿಗೆ ಇಬ್ಬರೂ ಹೋದೆವು.

ಮಾವನ ಮನೆಯ ಜಗುಲಿಯೇ ಅವರ ಕಚೇರಿ. ಗಾಜಿನ ಬಾಗಿಲಿನ ಕಪಾಟಿನಲ್ಲಿ ಕಾಯಿದೆಯ ಪುಸ್ತಕಗಳ ಕೆಳಗೆ ಇಂಗ್ಲಿಷ್ ವಿಶ್ವಕೋಶದ ದಪ್ಪ ದಪ್ಪ ಸಂಪುಟಗಳಿದ್ದವು. ಮುಂಬಯಿಯಲ್ಲಿ ಯಾರೋ ಪಾರಸಿಯ ಮನೆ ಖಾಲಿ ಮಾಡುವಾಗ ಕೊಂಡು ಹಡಗಿನಲ್ಲಿ ತರಿಸಿದ್ದರು. ಅದನ್ನು ತೆಗೆದು ಓದುವುದಕ್ಕೆ ಒಂದು ನೆಪ ಸಿಕ್ಕಿದರೆ ಅವರಿಗೆ ಊಟ ಬೇಡ. ನರ್ಸಬಾಯಿಯ ಕಥೆ ಕೇಳಿ ಮುಗಿಯುವ ಮೊದಲೇ ಕೊನೆಯ ಕಡೆಯ ಒಂದು ಸಂಪುಟ ತೊಡೆಯ ಮೇಲೆ ಬಂದಿತ್ತು.

"ಇಲ್ಲಿ ಸಿಕ್ಕಿತು ನೋಡಿ ಬಾಯಿ. ನಿಮ್ಮ ಹೆಸರಿನವರು ಒಬ್ಬಿಬ್ಬರಲ್ಲ."

ಅವರು ಬೆರಳಿಟ್ಟು ಓದುತ್ತ ಹೋದರು. ಮೊದಲನೆಯವರು ಸಂಗೀತಗಾರರು. ಹಾಡಿನ ನಾಟಕಗಳಿಗೆ ರಾಗ ಕಟ್ಟಿದವರು. ಇನ್ನೊಬ್ಬರು ಅಯಸ್ಕಾಂತದ ಮೇಲೆ ಕೆಲಸ ಮಾಡಿದ ವಿಜ್ಞಾನಿ. ಮೂರನೆಯವರು ಆ ವಿಜ್ಞಾನಿಯ ಅಣ್ಣ, ವೈದ್ಯ ಪ್ರೊಫೆಸರು. ಮನುಷ್ಯ ಎರಡು ಕೈಯಲ್ಲಿ ಎರಡು ತೂಕ ಹಿಡಿದರೆ ಎಷ್ಟು ಹೆಚ್ಚುಕಡಿಮೆ ಇದ್ದಾಗ ಗೊತ್ತಾಗುತ್ತದೆ ಎಂದು ಪರೀಕ್ಷೆ ಮಾಡಿ ನೋಡಿದವರು.

ಅಲ್ಲಿಯವರೆಗೆ ನರ್ಸಬಾಯಿ ಶಾಲೆಯ ಮಕ್ಕಳ ಹಾಗೆ ಕೈ ಕಟ್ಟಿ ಕೂತಿದ್ದರು. ಈಗ ಮುಂದೆ ಬಾಗಿದರು.

"ಕೈಯಲ್ಲಿ ತೂಕವಾ?"

"ಹೌದು, ಕೈಯಲ್ಲಿ."

"ಅದಕ್ಕೆ ಪರೀಕ್ಷೆ ಎಂತ ಮಾಡುವುದು? ದಿನಾ ಹಿಡಿದರೆ ತನ್ನಿಂದ ತಾನೇ ಗೊತ್ತಾಗುತ್ತದೆ."

ಮಾವ ನಕ್ಕು ಮುಂದೆ ಓದಿದರು. ನಾಲ್ಕನೆಯ ಹೆಸರಿಗೆ ಬಂದಾಗ ಅವರ ಧ್ವನಿ ಬದಲಾಯಿತು. ಬರ್ಲಿನ್ನಿನಲ್ಲಿ ಸಂಸ್ಕೃತ ಪಂಡಿತರಾಗಿದ್ದವರು. ಹಳೆಯ ಓಲೆ, ಹಸ್ತಪ್ರತಿ ಒಟ್ಟು ಹಾಕಿ ವೇದದ ಒಂದು ಶಾಖೆಯನ್ನೇ ಅಚ್ಚು ಹಾಕಿಸಿದ್ದರು. ಮಾವ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು. ಒಳಗಿದ್ದ ಮಾಮಿಯನ್ನು ಕೂಗಿ ಕೊಂಕಣಿಯಲ್ಲಿ, "ಕೇಳಿದೆಯಾ? ಇವರ ಪೈಕಿಯವರು ವೇದ ಅಚ್ಚು ಹಾಕಿಸಿದ್ದಾರೆ," ಎಂದರು.

ಮಾಮಿ ಚಹಾ ತಂದರು. ಮಾವನಿಗೂ ನನಗೂ ಹಿತ್ತಾಳೆಯ ಲೋಟ, ನರ್ಸಬಾಯಿಗೆ ಜಗುಲಿಯ ಮೂಲೆಯಲ್ಲಿ ಇಟ್ಟಿರುತ್ತಿದ್ದ ಗಾಜಿನ ಲೋಟ. ನಾನು ಚಿಕ್ಕಂದಿನಿಂದ ನೋಡಿದ ಲೋಟವೇ ಅದು. ಅಂದು ಮಾತ್ರ ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ನರ್ಸಬಾಯಿ ಚಹಾ ಕುಡಿದು, ಅಂಗಳದ ತಂಬಿಗೆಯ ನೀರಿನಲ್ಲಿ ಲೋಟ ತೊಳೆದು ಬೋರಲು ಹಾಕಿದರು. ಮಾವನೂ ನೋಡಿದರು. ಸಂಪುಟ ಮುಚ್ಚಿ ಅರ್ಜಿ ಬರೆಯಲು ಕೂತರು. ಮಿಶನ್ನಿನ ದಾಖಲೆ ತರಿಸಬೇಕು, ಅದು ಗಡಿಯಾಚೆಯ ಮದ್ರಾಸ ಇಲಾಖೆಗೆ ಸೇರಿದ ಊರು, ತಡವಾಗಬಹುದು, ಹೆದರಬೇಡಿ ಎಂದರು. ಅರ್ಜಿಗೂ ಪತ್ರಕ್ಕೂ ಏನೂ ತೆಗೆದುಕೊಳ್ಳಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಲೋಟದ ಮಾತು ತೆಗೆಯಲು ಹೋದೆ. ನರ್ಸಬಾಯಿ ತಡೆದರು.

"ಬಿಡಿ ಅಕ್ಕೋರೆ. ಹೆರಿಗೆಗೆ ಹೋದ ಮನೆಗಳಲ್ಲಿ ನಾನು ನೋಡದ ಲೋಟ ಇಲ್ಲ. ಆ ಸಂಗೀತದವರು ಅಂದರಲ್ಲ, ಅವರು ಪೇಟಿ ಬಾರಿಸುತ್ತಿದ್ದರಾ, ಪಿಟೀಲಾ?"

ನನಗೆ ಗೊತ್ತಿರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಆ ನಾಲ್ವರು ಸೇರಿಕೊಂಡರು. ನರ್ಸಬಾಯಿ ಹಾಡು ಗುನುಗುವಾಗ ಶ್ರುತಿ ತಪ್ಪಿದರೆ, "ನಮ್ಮ ದೊಡ್ಡಪ್ಪ ಕೇಳಿದರೆ ಎಂತ ಹೇಳುತ್ತಾರೋ," ಎನ್ನುವರು. ನಾನು ಮಕ್ಕಳಿಗೆ ಸಂಸ್ಕೃತದ ಶ್ಲೋಕ ಹೇಳಿಕೊಡಲು ಸಿದ್ಧಮಾಡಿಕೊಳ್ಳುವಾಗ, "ತಪ್ಪು ಮಾಡಬೇಡಿ, ಬರ್ಲಿನ್ನಿನ ಚಿಕ್ಕಪ್ಪನಿಗೆ ಬರೆದು ಹಾಕುತ್ತೇನೆ," ಎಂದು ಹೆದರಿಸುವರು. ಎಲ್ಲರಿಗಿಂತ ಅವರಿಗೆ ಮೆಚ್ಚಿಗೆಯಾದವರು ಕೈಯಲ್ಲಿ ತೂಕ ನೋಡಿದ ವೈದ್ಯರು. ಅವರ ಬಗ್ಗೆ ಮಾತ್ರ ತಮಾಷೆ ಮಾಡುತ್ತಿರಲಿಲ್ಲ.

ಹೊಳೆಯ ಆಚೆಯ ಜನಕ್ಕೆ ಈ ಕಟ್ಟಳೆಯ ಸುದ್ದಿ ಗೊತ್ತಿರಲಿಲ್ಲ. ಕ್ರಿಸ್ಮಸ್ಸಿಗೆ ಎರಡು ವಾರ ಇರುವಾಗ ಆಚೆ ದಡದ ಕಾಸರಕೋಡಿನಿಂದ ಒಬ್ಬರು ದೋಣಿ ಮಾಡಿಕೊಂಡು ಮಧ್ಯಾಹ್ನ ಬಂದರು. ಮಗಳಿಗೆ ನಿನ್ನೆಯಿಂದ ನೋವು, ಕೂಸು ಅಡ್ಡ ತಿರುಗಿದೆ, ಹಳೆಯ ಸೂಲಗಿತ್ತಿ ಕೈ ಬಿಟ್ಟಿದ್ದಾಳೆ. ನರ್ಸಬಾಯಿ ಮೊದಲು ಠಾಣೆಗೆ ಹೋದರು. ಫೌಜದಾರರು ಭಟ್ಕಳಕ್ಕೆ ಹೋಗಿದ್ದರು, ಬರುವುದು ನಾಳೆ. ಮಾಮ್ಲೇದಾರರು ಹಳ್ಳಿಯ ಸುತ್ತಿನ ಮೇಲಿದ್ದರು. ಚೀಟಿ ಕೊಡುವವರು ಯಾರೂ ಇರಲಿಲ್ಲ.

ನಾನು ಅವರ ಹಿಂದೆ ದಕ್ಕೆಯವರೆಗೆ ಹೋದೆ. ದೋಣಿ ನಿಲ್ಲುವಲ್ಲಿ ಕಾವಲಿಗಿದ್ದ ಪೇದೆ ಅವರನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿದ. ಅವನ ಇಬ್ಬರು ಮಕ್ಕಳನ್ನು ಈ ಕೈಯೇ ಹೊರಗೆ ತಂದದ್ದು.

"ಬಾಯಿ, ನಾ ಎಂತೂ ನೋಡ್ಲಿಲ್ಲ. ನೀವು ಹೋಗಿ ಬನ್ನಿ," ಎಂದ ಮೆಲ್ಲಗೆ.

"ಇಲ್ಲ. ನೋಡಿದ್ದೇನೆ ಅಂತಲೇ ಬರೆಯಿರಿ," ಎಂದರು ನರ್ಸಬಾಯಿ. "ಎಷ್ಟು ಗಂಟೆಗೆ ಹೋದೆ ಅಂತಲೂ ಬರೆಯಿರಿ. ಕದ್ದು ಹೋದೆ ಅಂತ ಆಗಬಾರದು."

ಅವರು ಸೀರೆ ಎತ್ತಿಕಟ್ಟಿ ದೋಣಿ ಹತ್ತಿದರು. ನಾನು ದಡದಲ್ಲೇ ನಿಂತಿದ್ದೆ. ನನಗೆ ಅವರ ಬಗ್ಗೆ ಭಯವಾಗಿತ್ತು. ಜೈಲಿಗೆ ಹಾಕಿದರೆ ಎಂಬ ಭಯ. ಜೊತೆಗೆ, ನಾನಾಗಿದ್ದರೆ ಪೇದೆ ಹೇಳಿದ ಹಾಗೆಯೇ ಮಾಡುತ್ತಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಮರುದಿನ ಹತ್ತು ಗಂಟೆಗೆ ಅವರು ತಿರುಗಿ ಬಂದವರು ಮನೆಗೂ ಬರದೆ ನೇರವಾಗಿ ಠಾಣೆಗೆ ಹೋದರು. ಆಮೇಲೆ ಅವರೇ ನನಗೆ ಹೇಳಿದ್ದು: ಫೌಜದಾರರು ಪೇದೆಯ ಬರಹವನ್ನು ಓದುತ್ತ ಕೂತಿದ್ದರಂತೆ. ಇವರನ್ನು ನೋಡಿದ್ದೇ, "ಕೂಸು ಏನಾತ್ರಿ?" ಎಂದು ಕೇಳಿದರಂತೆ.

"ಹೆಣ್ಣು. ಇಬ್ಬರೂ ಚೆನ್ನಾಗಿದ್ದಾರೆ."

"ಕುಂದರ್ರಿ. ಚಾ ತಗೋರಿ."

ಚಹಾ ಬರುವಷ್ಟರಲ್ಲಿ ಫೌಜದಾರರು ಒಂದು ಕಾಗದ ಬರೆದು ಮೊಹರು ಒತ್ತಿದರು. ಹೆರಿಗೆಯ ಕೆಲಸಕ್ಕೆ ಯಾವ ಹೊತ್ತಿನಲ್ಲೂ ತಾರಿಯ ದೋಣಿಯಲ್ಲಿ ಹೊಳೆ ದಾಟಲು ಪರವಾನಿಗಿ, ಹೋದ ಬಂದ ವೇಳೆಯನ್ನು ದಕ್ಕೆಯ ಪೇದೆಗೆ ತಿಳಿಸಬೇಕು. ಆ ದಿನ ಹೊಳೆ ದಾಟಿದ್ದರ ಬಗ್ಗೆ ಅವರು ಏನು ಬರೆದರೋ ನಮಗೆ ತಿಳಿಯಲಿಲ್ಲ. ಯಾರೂ ಮತ್ತೆ ಕೇಳಲಿಲ್ಲ.

ಮಿಶನ್ನಿನಿಂದ ಉತ್ತರ ಬಂದದ್ದು ಹೊಸ ವರ್ಷ ಬಂದ ಮೇಲೆ. ಅಲ್ಲಿನ ಮುದುಕ ಪಾದ್ರಿಗಳು ಕನ್ನಡದವರೇ. ದುಂಡು ಅಕ್ಷರದಲ್ಲಿ ಎರಡು ಹಾಳೆ ಬರೆದು, ದಾಖಲೆಯ ನಕಲು ಇಟ್ಟಿದ್ದರು. ನರ್ಸಬಾಯಿ ಕನ್ನಡಕ ಹುಡುಕಿ ಸಿಗದೆ ನನಗೇ ಓದಲು ಹೇಳಿದರು. ಕನ್ನಡಕ ತಲೆಯ ಮೇಲೆಯೇ ಇತ್ತು. ನಾನು ಹೇಳಲಿಲ್ಲ.

ದಾಖಲೆ ಮೂರೇ ಸಾಲು. ಸುಮಾರು ಎರಡು ವರ್ಷದ ಹೆಣ್ಣುಮಗು. ಭಟ್ಕಳ ಕಡೆಯ ಬೆಳಕೆ ಎಂಬ ಹಳ್ಳಿಯಿಂದ ಒಬ್ಬ ಗಾಣಿಗ ಹೊತ್ತು ತಂದದ್ದು. ತಾಯಿ ಜ್ವರದಿಂದ ತೀರಿಕೊಂಡಿದ್ದಾಳೆ, ಬೇರೆ ಯಾರೂ ಇಲ್ಲ.

ಪಾದ್ರಿಗಳ ಪತ್ರದಲ್ಲಿ ಹೆಸರಿನ ವಿಷಯವಿತ್ತು. ಆ ಕಾಲದಲ್ಲಿ ಒಂದೊಂದು ಮಗುವಿನ ಖರ್ಚನ್ನು ಪರದೇಶದ ಒಬ್ಬೊಬ್ಬರು ವಹಿಸಿಕೊಳ್ಳುತ್ತಿದ್ದರು, ಮಗುವಿಗೆ ಅವರ ಹೆಸರನ್ನೇ ಇಡುವುದಿತ್ತು. ನರ್ಸಬಾಯಿಯನ್ನು ವಹಿಸಿಕೊಂಡವರು ಜರ್ಮನಿಯ ಒಂದು ಸಣ್ಣ ಊರಿನಲ್ಲಿದ್ದ ಮದುವೆಯಾಗದ ಹೆಂಗಸು. ಮನೆಯಲ್ಲಿ ಕಾಲುಚೀಲ ಹೆಣೆದು ಅಂಗಡಿಗಳಿಗೆ ಕೊಡುತ್ತಿದ್ದರು. ಹಿಂದಿನ ದೊಡ್ಡ ಯುದ್ಧ ಬಂದು ಟಪಾಲು ನಿಲ್ಲುವವರೆಗೆ ಒಂದು ವರ್ಷವೂ ತಪ್ಪಿಸಲಿಲ್ಲ. ಆ ಅಡ್ಡಹೆಸರಿಗೆ ಅವರ ಭಾಷೆಯಲ್ಲಿ ನೇಕಾರ ಎಂದು ಅರ್ಥ.

ನಾನು ಓದಿ ಮುಗಿಸಿದೆ.

"ಕ್ರಿಸ್ಮಸ್ಸಿಗೆ ನನಗೊಂದು ಜೊತೆ ಉಣ್ಣೆಯ ಕಾಲುಚೀಲ ಬರುತ್ತಿತ್ತು," ಎಂದರು ನರ್ಸಬಾಯಿ. "ಬೇರೆ ಮಕ್ಕಳಿಗೆ ಗೊಂಬೆ, ಬಣ್ಣದ ಚಿತ್ರ. ನನಗೆ ಈ ಸೆಕೆಯ ಊರಲ್ಲಿ ಉಣ್ಣೆಯದ್ದು. ನಾನು ಅದರಲ್ಲಿ ಹುಣಸೆಬೀಜ ತುಂಬಿ ಇಡುತ್ತಿದ್ದೆ. ಯಾರು ಕಳಿಸುವುದು ಅಂತ ಕೇಳಿರಲಿಲ್ಲ." ಮತ್ತೆ, "ಈ ಹೆಂಗಸು ನಿಮ್ಮ ಮಾವನ ಪುಸ್ತಕದಲ್ಲಿ ಇದ್ದಾರಾ?" ಎಂದರು.

"ಇಲ್ಲ ಬಾಯಿ."

"ಹ್ಞಾ. ಇರಲಿಕ್ಕಿಲ್ಲ."

ಅವರು ಪತ್ರವನ್ನು ಇಸಿದುಕೊಂಡು, ತಲೆಯ ಮೇಲಿನ ಕನ್ನಡಕ ಇಳಿಸಿಕೊಂಡು, ಮೊದಲಿನಿಂದ ತಾವೇ ಓದಿದರು. ಆಮೇಲೆ ನಮ್ಮ ಮನೆಯಲ್ಲಿ ಆ ನಾಲ್ವರ ಮಾತು ಕಡಿಮೆಯಾಯಿತು.

ಮಾಮ್ಲೇದಾರರಿಗೆ ಮೂರು ಸಾಲಿನ ನಕಲು ಸಾಲಲಿಲ್ಲ. ಬೆಳಕೆಯಲ್ಲಿ ಯಾರಾದರೂ ಕಂಡವರು ಊರ ಪಟೇಲರ ಮುಂದೆ ಹೇಳಿಕೆ ಕೊಟ್ಟರೆ ಆಯಿತು ಎಂದರು. ಫೆಬ್ರವರಿಯಲ್ಲಿ ಶಾಲೆಗೆ ಎರಡು ದಿನ ರಜೆ ಸಿಕ್ಕಾಗ ಫೌಜದಾರರ ಚೀಟಿ ಹಿಡಿದು ನಾವು ಹೊರಟೆವು. ತಾರಿ ದಾಟಿ, ಕಾಸರಕೋಡಿನಲ್ಲಿ ಬಸ್ಸು ಹಿಡಿದು ಭಟ್ಕಳ ಮುಟ್ಟುವಾಗ ಹೊತ್ತು ಇಳಿದಿತ್ತು. ಅಲ್ಲಿನ ದವಾಖಾನೆಯ ನರ್ಸಿನ ಮನೆಯಲ್ಲಿ ಉಳಿದು ಬೆಳಿಗ್ಗೆ ಎತ್ತಿನ ಗಾಡಿಯಲ್ಲಿ ಬೆಳಕೆಗೆ ಹೋದೆವು. ದಾರಿಯುದ್ದಕ್ಕೂ ಒಂದು ಕಡೆ ಗದ್ದೆ, ಶೇಂಗಾ ಹಾಕಿದ್ದರು. ನರ್ಸಬಾಯಿ ಪ್ರತಿ ಮನೆಯನ್ನೂ, ಬಾವಿಯ ಹತ್ತಿರ ನಿಂತ ಪ್ರತಿ ಹೆಂಗಸನ್ನೂ ನೋಡುತ್ತಿದ್ದರು. ಸೀರೆಯ ಸೆರಗಿನ ಅಂಚನ್ನು ಮಡಿಸಿ ಬಿಡಿಸಿ ಮಾಡುತ್ತಿದ್ದರು. ಅಷ್ಟು ಅಸ್ಥಿರವಾಗಿ ಅವರನ್ನು ನಾನು ಎಂದೂ ನೋಡಿರಲಿಲ್ಲ.

ಪಟೇಲರು ಒಳ್ಳೆಯವರು. ಗಾಣಿಗ ಸತ್ತು ಹತ್ತು ವರ್ಷದ ಮೇಲಾಯಿತು, ಹೆಂಡತಿ ಇದ್ದಾಳೆ, ಕಣ್ಣು ಸ್ವಲ್ಪ ಮಂದ, ನೆನಪು ಚುರುಕು ಎಂದು ತಾವೇ ಕರೆದುಕೊಂಡು ಹೋದರು. ಮುದುಕಿ ಮನೆಯ ಮುಂದೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ಪಟೇಲರು ವಿಷಯ ತಿಳಿಸಿದರು. ಮುದುಕಿ ಕೈ ಚಾಚಿದರು. ನರ್ಸಬಾಯಿ ಹತ್ತಿರ ಹೋಗಿ ಕೂತರು. ಮುದುಕಿ ಅವರ ಮೊಣಕೈಯಿಂದ ಬೆರಳಿನ ತುದಿಯವರೆಗೆ ಕೈಯಾಡಿಸಿದರು.

"ಇಷ್ಟುದ್ದ ಆದ್ಯೇನೆ ಮಗಾ?"

ಆಮೇಲೆ ನಿಧಾನವಾಗಿ ಹೇಳಿದರು. "ನಮ್ಮ ಗಾಣದ ಹತ್ರ ಒಂದು ಬಿಡಾರ ಕಟ್ಕಂಡಿದ್ರು. ಗಂಡ, ಹೆಂಡ್ತಿ, ಗಂಡನ ತಾಯಿ. ಎಲ್ಲಿಂದ ಬಂದವ್ರೋ ಗೊತ್ತಿಲ್ಲ. ಉಪ್ಪು ಹೊರೂ ಕೆಲ್ಸ ಮಾಡ್ತಿದ್ರು. ಆ ವರ್ಷ ಜ್ವರ ಬಂತು. ಒಂದೇ ವಾರದಲ್ಲಿ ಮೂರೂ ಜನ ಹೋದ್ರು. ಈ ಕೂಸೊಂದು ಉಳೀತು. ತಾಯಿ ಹೋದ್ಮೇಲೂ ಅವ್ಳ ಪಕ್ಕದಲ್ಲೇ ಕೂತಿತ್ತು, ಅಳ್ಲಿಲ್ಲ."

ಮುದುಕಿ ನರ್ಸಬಾಯಿಯ ಕೈ ಬಿಡದೆ ಮುಂದುವರಿಸಿದರು.

"ನಂಗೆ ಆಗ ಐದು ಮಕ್ಳು. ಊರಲ್ಲಿ ಯಾರೂ ಮುಟ್ಟೂದಿಲ್ಲ ಅಂದ್ರು. ಗಡಿ ದಾಟಿ ಹೋದ್ರೆ ಮಿಶನ್‌ನವ್ರು ಮಕ್ಳನ್ನ ಇಟ್ಕಂತ್ರು ಅಂತ ನಮ್ಮನೆಯವ್ರಿಗೆ ಯಾರೋ ಹೇಳಿದ್ರು. ಹೆಗಲ ಮೇಲೆ ಕೂರ್ಸ್ಕಂಡು ನಡ್ಕಂಡೇ ಹೋದ್ರು. ತಿರುಗಿ ಬಂದವ್ರು ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ. ನಾ ಇಟ್ಕಳ್ಬೇಕಿತ್ತು ಮಗಾ."

"ಇಲ್ಲಮ್ಮಾ," ಎಂದರು ನರ್ಸಬಾಯಿ. "ಅವರು ಹೊತ್ತುಕೊಂಡು ಹೋದ್ದಕ್ಕೇ ನಾನು ಉಳಿದೆ."

ಮತ್ತೆ ಅವರೇ ಕೇಳಿದರು: "ನನ್ನ ತಾಯಿಯ ಹೆಸರು ಎಂತ?"

ಮುದುಕಿ ಬಹಳ ಯೋಚಿಸಿದರು. "ಕೇಳ್ಲೇ ಇಲ್ಲ. ಅವ್ಳು ನನ್ನ ಅಕ್ಕಾ ಅಂತಿದ್ಲು, ನಾ ತಂಗೀ ಅಂತಿದ್ದೆ. ಹೊತ್ತಾರೆ ಎದ್ರೆ ಇಬ್ರಿಗೂ ಕೆಲ್ಸ. ಹೆಸ್ರು ಬೇಕಾಗ್ಲಿಲ್ಲ."

"ನನ್ನನ್ನು ಎಂತ ಕರೆಯುತ್ತಿದ್ದರು?"

"ಕೂಸು ಅಂತಿದ್ರು. ಹೆಸ್ರು ಇಟ್ಟಿದ್ರೋ ಇಲ್ವೋ."

ನರ್ಸಬಾಯಿ ತಲೆ ಅಲ್ಲಾಡಿಸಿದರು. ಅವರು ಏನನ್ನು ಹುಡುಕಿಕೊಂಡು ಬಂದಿದ್ದರೆಂದು ನನಗೆ ಆಗ ಅರ್ಥವಾಯಿತು. ಹೇಳಿಕೆ ಒಂದು ನೆಪ, ಅವರಿಗೆ ಬೇಕಾಗಿದ್ದದ್ದು ಆ ಹೆಸರು. ಅವರು ಅಳಲಿಲ್ಲ. ಮುದುಕಿಯ ಬಾತುಕೊಂಡ ಕಾಲನ್ನು ಹತ್ತಿರಕ್ಕೆ ಎಳೆದುಕೊಂಡು ಒತ್ತಿ ನೋಡಿದರು. ಉಪ್ಪು ಕಡಿಮೆ ಮಾಡಿ, ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೊಳ್ಳಿ ಎಂದು ಮನೆಯ ಸೊಸೆಗೆ ಹೇಳಿ, ಚೀಲದಿಂದ ಒಂದು ಶೀಶೆ ಔಷಧಿ ತೆಗೆದುಕೊಟ್ಟರು. ಪಟೇಲರು ಹೇಳಿಕೆ ಬರೆದರು. ಮುದುಕಿ ಹೆಬ್ಬೆಟ್ಟು ಒತ್ತಿದರು. ಹೊರಡುವಾಗ ಸೊಸೆ ಒಂದು ತಂಬಿಗೆ ಎಳ್ಳೆಣ್ಣೆ ತಂದು ನಮ್ಮ ಗಾಡಿಯಲ್ಲಿಟ್ಟಳು. ಬೇಡವೆಂದರೂ ಕೇಳಲಿಲ್ಲ.

ಮಾಮ್ಲೇದಾರರು ಕಾಗದಗಳನ್ನೆಲ್ಲ ನೋಡಿ ತೃಪ್ತರಾದರು. ವಯಸ್ಸಾದ, ಮಾತು ಕಡಿಮೆಯ ಅಧಿಕಾರಿ. ನರ್ಸಬಾಯಿಗೆ ಕುರ್ಚಿ ಕೊಡಿಸಿದ್ದರು.

"ಯಾದಿಯಿಂದ ತೆಗೆಯಲು ಬರೆಯುತ್ತೇನೆ," ಎಂದರು. "ಆದರೆ ಯುದ್ಧ ಇನ್ನೂ ಎಷ್ಟು ವರ್ಷವೋ. ಮುಂದಿನ ಸಲ ಬೇರೆ ಯಾರೋ ಇದೇ ಹೆಸರು ನೋಡಿ ಮತ್ತೆ ಸುರು ಮಾಡುತ್ತಾರೆ. ಅಡ್ಡಹೆಸರು ಬದಲಾಯಿಸಿಬಿಡಿ. ಒಂದು ಅರ್ಜಿ ಸಾಕು. ಯಾವ ಹೆಸರು ಬರೆಯಲಿ?"

"ಬೇರೆ ಇಲ್ಲವಲ್ಲ ಸಾಹೇಬರೇ," ಎಂದರು ನರ್ಸಬಾಯಿ. "ಇರುವುದು ಇದೊಂದೇ. ಕೊಟ್ಟವರು ಕೆಟ್ಟವರಲ್ಲ."

ಮಾಮ್ಲೇದಾರರು ಒತ್ತಾಯಿಸಲಿಲ್ಲ. ಯುದ್ಧ ಮುಗಿಯುವವರೆಗೆ ಇನ್ನೆರಡು ಸಲ, ಹೊಸ ಫೌಜದಾರರು ಬಂದಾಗಲೆಲ್ಲ, ಅವರನ್ನು ಕರೆಸಿ ಕೇಳಿದ್ದುಂಟು. ಆಗೆಲ್ಲ ಅವರು ಕಾಗದದ ಕಟ್ಟು ಹಿಡಿದು ಹೋಗಿ, ತೋರಿಸಿ, ಬರುತ್ತಿದ್ದರು.

ಬೆಳಕೆಗೂ ವರ್ಷಕ್ಕೊಮ್ಮೆ ಹೋಗುತ್ತಿದ್ದರು. ಮೂರನೆಯ ವರ್ಷ ಮುದುಕಿ ತೀರಿಕೊಂಡ ಸುದ್ದಿಯನ್ನು ಪಟೇಲರು ಕಾರ್ಡು ಬರೆದು ತಿಳಿಸಿದರು. ಅಂದು ನರ್ಸಬಾಯಿ ಕೆಲಸಕ್ಕೆ ಹೋಗಲಿಲ್ಲ. ನಾನು ಕಂಡಂತೆ ಅವರು ರಜೆ ಹಾಕಿ ಮನೆಯಲ್ಲಿ ಕೂತದ್ದು ಅದೊಂದೇ ದಿನ.

ಯುದ್ಧ ಮುಗಿದು ಜರ್ಮನಿಗೆ ಟಪಾಲು ಹೋಗತೊಡಗಿದಾಗ ಅವರು ಪಾದ್ರಿಗಳಿಂದ ಆ ಊರಿನ ಹೆಸರು ತರಿಸಿಕೊಂಡರು. ನಾನು ಇಂಗ್ಲಿಷಿನಲ್ಲಿ ಪತ್ರ ಬರೆದುಕೊಟ್ಟೆ. ಮನೆಯ ವಿಳಾಸವಿಲ್ಲ, ಅಲ್ಲಿನ ಇಗರ್ಜಿಯ ಹೆಸರಿಗೆ ಹಾಕಿದೆವು. ಉತ್ತರ ಬರುವುದೆಂಬ ಭರವಸೆ ನನಗಂತೂ ಇರಲಿಲ್ಲ. ಏಳೆಂಟು ತಿಂಗಳ ಮೇಲೆ ತೆಳ್ಳನೆಯ ಬೂದು ಕಾಗದದಲ್ಲಿ ಬಂತು. ಬರೆದವರು ಆ ಹೆಂಗಸಿನ ತಮ್ಮನ ಮಗಳು. ಅವರೂ ನನ್ನ ಹಾಗೆ ಶಾಲೆಯಲ್ಲಿ ಕಲಿಸುವವರು. ಇಂಗ್ಲಿಷು ತಡವರಿಸುತ್ತಿತ್ತು. ಅತ್ತೆ ಈ ಯುದ್ಧಕ್ಕೆ ಬಹಳ ಮೊದಲೇ ತೀರಿಕೊಂಡರು. ಅಡಿಗೆಮನೆಯಲ್ಲಿ ಗಡಿಯಾರದ ಕೆಳಗೆ ಒಂದು ಕಪ್ಪು ಮಗುವಿನ ಫೋಟೋ ಇಟ್ಟುಕೊಂಡಿದ್ದರು. ಇವಳು ಯಾರು ಎಂದು ಕೇಳಿದರೆ ನಮ್ಮವಳೇ ಎನ್ನುತ್ತಿದ್ದರು. ಬಾಂಬು ಬಿದ್ದಾಗ ಮನೆಯ ಜೊತೆ ಆ ಫೋಟೋ ಹೋಯಿತು. ಈಗ ಒಂದು ಕೋಣೆಯಲ್ಲಿ ಆರು ಜನ ಇದ್ದೇವೆ, ಸಾಬೂನು ಸಿಗುವುದಿಲ್ಲ, ಚಳಿ ಹೆಚ್ಚು. ಕೊನೆಯಲ್ಲಿ ಸಹಿ, ಅದೇ ಅಡ್ಡಹೆಸರು.

ನರ್ಸಬಾಯಿ ಆ ಸಹಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಸೀರೆ ಬದಲಿಸಿ ಪೇಟೆಗೆ ಹೊರಟರು. ನಾನೂ ಹೋದೆ. ನಮ್ಮಲ್ಲೂ ಆಗ ಎಲ್ಲದಕ್ಕೂ ರೇಶನ್ನು. ಆದರೂ ಸಾಬೂನು, ಚಹಾಪುಡಿ, ಗೇರುಬೀಜ, ಎರಡು ಗಜ ದಪ್ಪ ಬಟ್ಟೆ ಕೂಡಿತು. ಮಿಶನ್ನಿನವರು ಸ್ವಿಟ್ಜರ್ಲೆಂಡಿನ ಮೂಲಕ ಕಳಿಸಿಕೊಡಲು ಒಪ್ಪಿದ್ದರು. ಜಗುಲಿಯಲ್ಲಿ ಕೂತು ಇಬ್ಬರೂ ಗಂಟಿಗೆ ಬಟ್ಟೆ ಹೊಲಿದೆವು. ವಿಳಾಸವನ್ನು ಮಸಿಯಲ್ಲಿ ನಾನು ಬರೆದೆ. ಕಳಿಸುವವರ ಹೆಸರನ್ನು ಅವರೇ ಬರೆಯುತ್ತೇನೆಂದರು. ಒಂದೊಂದೇ ಅಕ್ಷರವನ್ನು ದೊಡ್ಡದಾಗಿ, ಮಳೆ ಬಿದ್ದರೂ ಅಳಿಯದ ಹಾಗೆ ಎರಡೆರಡು ಸಲ ತಿದ್ದಿ ಬರೆದರು.

ಗಂಟು ಮುಟ್ಟಿತೆಂದು ಕಾರ್ಡು ಬಂತು. ಅದಾದ ಮರುವರ್ಷ ನನಗೆ ಮದುವೆಯಾಗಿ ಕುಮಟಾಕ್ಕೆ ವರ್ಗವಾಯಿತು. ನರ್ಸಬಾಯಿ ಹೊನ್ನಾವರದಲ್ಲೇ ಉಳಿದರು. ನನ್ನ ಭಾಗದ ಕೋಣೆಗೆ ಇನ್ನೊಬ್ಬ ಹೊಸ ಅಕ್ಕೋರು ಬಂದಳು. ಜರ್ಮನಿಯ ಪತ್ರಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆದುಕೊಡುವ ಕೆಲಸ ಅವಳ ಪಾಲಿಗೆ ಹೋಯಿತು ಎಂದು ಕೇಳಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾದದ್ದು ನಿಜ.